ಹಳ್ಳಿಗೋ ಹಲ್ಲಿಗೋ: ಕನ್ನಡ ಬೆರಳಚ್ಚಿನ ನಾಲ್ಕು ದಾರಿಗಳು

ಕಚೇರಿಯ ಗುಂಪಿಗೆ ಒಂದು ಸಂದೇಶ ಕಳಿಸಿದ್ದೆ: "ನಾಳೆ ಹಲ್ಲಿಗೆ ಹೋಗುತ್ತಿದ್ದೇನೆ, ಎರಡು ದಿನ ಸಿಗುವುದಿಲ್ಲ." ಒಬ್ಬರು ದಂತವೈದ್ಯರ ವಿಳಾಸ ಕೇಳಿದರು. ಇನ್ನೊಬ್ಬರು ಹುಳುಕೋ, ಬೇರಿನ ಚಿಕಿತ್ಸೆಯೋ ಎಂದು ವಿಚಾರಿಸಿದರು. ಮೂರನೆಯವರು ಮಾತ್ರ ಗೋಡೆಯ ಮೇಲಿನ ಹಲ್ಲಿಯ ಚಿತ್ರ ಹಾಕಿ ಸುಮ್ಮನಾದರು. ನಾನು ಹೊರಟಿದ್ದು ಹಳ್ಳಿಗೆ. ಇಂಗ್ಲಿಷಿನ ಒಂದೇ 'ಎಲ್' ಅಕ್ಷರ ನಮ್ಮ ಲಕಾರಕ್ಕೂ ಳಕಾರಕ್ಕೂ ದುಡಿಯುವಾಗ ಆಗುವ ಅನಾಹುತ ಇದು.

ಆ ಸಂಜೆಯೇ ತೀರ್ಮಾನಿಸಿದೆ. ಕನ್ನಡ ಒತ್ತುವುದಕ್ಕೆ ಇರುವ ದಾರಿಗಳನ್ನೆಲ್ಲ ತಲಾ ಒಂದು ತಿಂಗಳು ಬಳಸಿ ನೋಡಬೇಕು. ದಿನಕ್ಕೆ ಒಂದು ಪುಟ ದಿನಚರಿ, ಜೊತೆಗೆ ಬರುವ ಹೋಗುವ ಮಿಂಚಂಚೆ, ಸಂದೇಶ ಎಲ್ಲವೂ ಆ ತಿಂಗಳ ದಾರಿಯಲ್ಲೇ ಆಗಬೇಕು. ಮಧ್ಯದಲ್ಲಿ ಇಂಗ್ಲಿಷಿಗೆ ಜಾರಕೂಡದು. ಕೊನೆಯ ನಿಯಮವನ್ನು ನಾಲ್ಕೈದು ಸಲ ಮುರಿದಿದ್ದೇನೆ.

ಮೊದಲನೆಯದು ಲಿಪ್ಯಂತರ, ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಮೂಡುವ ಪದ್ಧತಿ. ಇದನ್ನು ಕಲಿಯಬೇಕಾಗಿಯೇ ಇರಲಿಲ್ಲ, ಏಕೆಂದರೆ ಮೊಬೈಲಿನಲ್ಲಿ ಮೊದಲಿನಿಂದಲೂ ಬಳಸುತ್ತಿದ್ದುದು ಇದನ್ನೇ. ಆದರೆ ಗಮನವಿಟ್ಟು ನೋಡಿದಾಗ ತಿಳಿಯಿತು, ಲಿಪ್ಯಂತರದಲ್ಲೇ ಎರಡು ಜಾತಿಗಳಿವೆ. ಒಂದು ನಿಯಮದ್ದು, ಇನ್ನೊಂದು ಊಹೆಯದ್ದು. 1998ರಲ್ಲಿ ಬಂದ 'ಬರಹ' ತಂತ್ರಾಂಶ ನಿಯಮದ ಜಾತಿಗೆ ಸೇರಿದ್ದು. ಅಲ್ಲಿ ಸಣ್ಣ 'ಎಲ್' ಒತ್ತಿದರೆ ಲ, ದೊಡ್ಡ 'ಎಲ್' ಒತ್ತಿದರೆ ಳ. ಸಣ್ಣ 'ಎನ್' ನಕಾರಕ್ಕೆ, ದೊಡ್ಡದು ಣಕಾರಕ್ಕೆ. ಪದದ ನಡುವೆ ದೊಡ್ಡಕ್ಷರ ಎದ್ದು ನಿಲ್ಲುವುದು ಕಣ್ಣಿಗೆ ವಿಚಿತ್ರವೆನಿಸಿದರೂ, ಒತ್ತಿದ್ದೇ ಬರುತ್ತದೆ. ಅಲ್ಲಿ ಹಳ್ಳಿ ಹಲ್ಲಿಯಾದರೆ ತಪ್ಪು ನನ್ನದೇ.

ಮೊಬೈಲಿನದು ಊಹೆಯ ಜಾತಿ. ನಾವು ಏನೋ ಒಂದು ಗೀಚುತ್ತೇವೆ, ಅದು ತನ್ನ ಪದಕೋಶದಲ್ಲಿ ಹುಡುಕಿ ಇದಿರಬಹುದೇ, ಅದಿರಬಹುದೇ ಎಂದು ಮೂರು ಪದಗಳನ್ನು ಮುಂದಿಡುತ್ತದೆ. ಬಿ, ಇ, ಎಲ್, ಇ ಎಂದು ನಾಲ್ಕು ಅಕ್ಷರ ಒತ್ತಿ ನೋಡಿ. ಬೆಲೆ, ಬೆಳೆ, ಬೇಳೆ ಮೂರೂ ಸಾಲಾಗಿ ನಿಲ್ಲುತ್ತವೆ. "ಬೇಳೆಯ ಬೆಳೆಗೆ ಬೆಲೆ ಇಲ್ಲ" ಎಂದು ಬರೆಯುವುದಕ್ಕೆ ನನಗೆ ಮೂರು ಸಲ ಕೈ ನಿಲ್ಲಿಸಬೇಕಾಯಿತು. ಹಾಗೆಯೇ ಅಣ್ಣನೂ ಅನ್ನವೂ. ಊಟದ ಹೊತ್ತಿಗೆ ಅಣ್ಣನ ಬಗ್ಗೆ ಬರೆಯದಿರುವುದೇ ಕ್ಷೇಮ.

ಇಷ್ಟನ್ನು ಸಹಿಸಬಹುದು. ಸಹಿಸಲಾಗದ್ದು ಬೇರೆಯೇ ಇದೆ, ಅದು ತಿಂಗಳ ಕೊನೆಯಲ್ಲಿ ದಿನಚರಿಯನ್ನು ತಿರುಗಿ ಓದುವಾಗ ಕಂಡಿತು. ಒಂದು ದಿನ 'ಹೆಬ್ಬಯಕೆ' ಎಂದು ಬರೆಯಬೇಕೆಂದಿದ್ದೆ. ಅದು ಸಲಹೆಯ ಸಾಲಿನಲ್ಲಿ ಬರಲಿಲ್ಲ. ಎರಡು ಸಲ ಪ್ರಯತ್ನಿಸಿ, 'ದೊಡ್ಡ ಆಸೆ' ಎಂದು ಬರೆದು ಮುಂದೆ ಹೋಗಿದ್ದೇನೆ. ಇನ್ನೊಂದು ದಿನ 'ನಸುಕು' ಬೇಕಿದ್ದ ಕಡೆ 'ಬೆಳಿಗ್ಗೆ' ಇದೆ. ಒಟ್ಟು ಮೂವತ್ತು ಪುಟಗಳಲ್ಲಿ ನಾನು ಬರೆದದ್ದಕ್ಕಿಂತ ಯಂತ್ರ ಒಪ್ಪಿದ್ದೇ ಹೆಚ್ಚು. ನನ್ನ ಪದಗಳನ್ನು ಯಾರೋ ಒಬ್ಬ ಮೆಲ್ಲಗೆ ಜರಡಿ ಹಿಡಿದಂತಿತ್ತು. ಅದರಲ್ಲಿ ಉಳಿದದ್ದು ಎಲ್ಲರೂ ಬಳಸುವ ಸರಕು ಮಾತ್ರ.

ಎರಡನೆಯ ತಿಂಗಳು ಇನ್‌ಸ್ಕ್ರಿಪ್ಟ್. 1986ರಲ್ಲಿ ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ ರೂಪಿಸಿದ ಕೀಲಿಮಣೆ ವಿನ್ಯಾಸ. ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಾಗಿಲ್ಲ, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಸಿದ್ಧವಾಗಿಯೇ ಇರುತ್ತದೆ. ತರ್ಕವೂ ಚೆನ್ನ. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಬಲಗೈ ಕಕಾರವನ್ನು ಇಟ್ಟರೆ ಎಡಗೈ ಅದಕ್ಕೆ ಗುಣಿತ ಹಚ್ಚುತ್ತದೆ. ಭಾರತದ ಬೇರೆ ಲಿಪಿಗಳಿಗೂ ಇದೇ ನಕ್ಷೆ, ಆದ್ದರಿಂದ ಒಮ್ಮೆ ಕಲಿತರೆ ತೆಲುಗನ್ನೂ ಹಿಂದಿಯನ್ನೂ ಅದೇ ಬೆರಳುಗಳು ಒತ್ತುತ್ತವೆ.

ತರ್ಕ ಸರಿ, ನನ್ನ ಬೆರಳುಗಳೇ ಒಪ್ಪಲಿಲ್ಲ. 'ಎಚ್' ಒತ್ತಿದರೆ ಪ, 'ಜೆ' ಒತ್ತಿದರೆ ರ, 'ಎಲ್' ಒತ್ತಿದರೆ ತ. 'ಕೆ' ಒತ್ತಿದಾಗ ಕ ಬರುತ್ತದೆ, ಅದು ಕಾಕತಾಳೀಯ. ಚಕಾರ ಅರ್ಧವಿರಾಮದ ಕೀಲಿಯ ಮೇಲೆ ಕುಳಿತಿದೆ, ಡಕಾರ ಚೌಕ ಆವರಣದ ಮೇಲೆ. ಮೊದಲ ವಾರ ನಾನು ಬರೆದದ್ದನ್ನು ನಾನೇ ಓದಲಾಗಲಿಲ್ಲ. ಮೂರನೆಯ ವಾರಕ್ಕೆ ಲಯ ಹತ್ತಿತು, ಬಲ ಎಡ ಬಲ ಎಡ ಎಂದು ಕೈಗಳು ತಾಳ ಹಾಕತೊಡಗಿದವು. ಅಷ್ಟರಲ್ಲಿ ಇಂಗ್ಲಿಷ್ ಕೆಟ್ಟಿತು! ಗುಪ್ತಪದವನ್ನು ಸತತ ಮೂರು ಸಲ ತಪ್ಪು ಒತ್ತಿ ಒಂದು ಖಾತೆಯಿಂದ ಹೊರಬಿದ್ದೆ. ದಿನವಿಡೀ ಎರಡೂ ಭಾಷೆಗಳ ನಡುವೆ ಓಡಾಡುವವನಿಗೆ ತಲೆಯಲ್ಲಿ ಎರಡು ಸಂಪೂರ್ಣ ಬೇರೆ ನಕ್ಷೆಗಳನ್ನು ಇಟ್ಟುಕೊಳ್ಳುವುದು ದುಬಾರಿ. ಬೆರಳಚ್ಚನ್ನು ಕನ್ನಡದಲ್ಲೇ ಮೊದಲು ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂದು ಈಗಲೂ ಅನ್ನಿಸುತ್ತದೆ. ನಾನು ಮಗುವಲ್ಲ.

ಮೂರನೆಯದು ತಂತ್ರಜ್ಞ ಕೆ.ಪಿ. ರಾವ್ ಅವರ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಇದು ಸರ್ಕಾರಿ ಕಚೇರಿಗಳ ಮೇಜುಗಳನ್ನೆಲ್ಲ ತಲುಪಿದೆ. ಇಡೀ ವರ್ಣಮಾಲೆಯನ್ನು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಕೀಲಿಗಳಲ್ಲೇ ಹಿಡಿಸಿದ್ದಾರೆ, ಚಿಹ್ನೆಗಳ ಕೀಲಿಗಳಿಗೆ ಕೈ ಹಚ್ಚಿಲ್ಲ. 'ಕೆ' ಒತ್ತಿದರೆ ಕ, 'ಎಮ್' ಒತ್ತಿದರೆ ಮ, ಹೀಗೆ ಮುಕ್ಕಾಲು ಪಾಲು ಮೊದಲೇ ಗೊತ್ತಿರುವುದೇ. ಕಲಿಯಬೇಕಾದದ್ದು ಕೆಲವು ಮಾತ್ರ: 'ಕ್ಯೂ' ಟಕಾರಕ್ಕೆ, 'ಡಬ್ಲ್ಯೂ' ಡಕಾರಕ್ಕೆ, 'ಎಕ್ಸ್' ಷಕಾರಕ್ಕೆ. ಎಲ್ಲಕ್ಕಿಂತ ಮುಖ್ಯವಾಗಿ 'ಎಫ್', ಒತ್ತಕ್ಷರ ಕೂಡಿಸುವ ಕೀಲಿ.

'ಕನ್ನಡ' ಎಂದು ಒತ್ತಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಒತ್ತು. ಲಿಪ್ಯಂತರದಲ್ಲಿ ಇದಕ್ಕೆ ಏಳು ಬೇಕು, ಏಕೆಂದರೆ ಅಲ್ಲಿ ಪ್ರತಿ ವ್ಯಂಜನದ ಹಿಂದೆಯೂ 'ಎ' ಅಂಟಿಸುತ್ತ ಹೋಗಬೇಕು. ಇಲ್ಲಿ ಅಕಾರ ಅಕ್ಷರದೊಳಗೇ ಇದೆ, ಶಾಲೆಯಲ್ಲಿ ಕಲಿತ ಹಾಗೆಯೇ. ಮೊದಲ ವಾರದಲ್ಲೇ ಈ ವ್ಯತ್ಯಾಸ ಬೆರಳಿಗೆ ಹತ್ತಿತು. ಲಿಪ್ಯಂತರದಲ್ಲಿ ಬರೆಯುವಾಗ ನನ್ನ ತಲೆಯೊಳಗೆ ಪ್ರತಿ ಪದವೂ ಒಮ್ಮೆ ಇಂಗ್ಲಿಷಿನ ಕಾಗುಣಿತ ಹಾಕಿಕೊಂಡು ಬರುತ್ತಿತ್ತು. ಇಲ್ಲಿ ಪದ ನೇರವಾಗಿ ಬರುತ್ತದೆ, ನಾನು ಅದನ್ನು ಕಟ್ಟುತ್ತೇನೆ: ಷ, ಅದಕ್ಕೊಂದು ಟಒತ್ತು, ಅದರ ಕೆಳಗೊಂದು ರಒತ್ತು, ಮೇಲೊಂದು ದೀರ್ಘ, ರಾಷ್ಟ್ರೀಯ. ಒತ್ತುಗಳನ್ನು ಎಣಿಸಿದರೆ ಈ ಪದಕ್ಕೆ ಎಲ್ಲ ಪದ್ಧತಿಗಳಲ್ಲೂ ಒಂಬತ್ತೇ ಆಗುತ್ತವೆ. ಆದರೂ ಇಲ್ಲಿ ಒತ್ತಿದಾಗ ಬರೆದೆ ಎನ್ನಿಸುತ್ತದೆ.

'ಹೆಬ್ಬಯಕೆ' ಈ ತಿಂಗಳು ದಿನಚರಿಗೆ ವಾಪಸು ಬಂತು. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಇಲ್ಲಿಯೂ ಕಾಟವಿದೆ. ಸಾಫ್ಟ್‌ವೇರ್ ಎಂದು ಒತ್ತಿದರೆ ಟಕಾರದ ಕೆಳಗೆ ವಒತ್ತು ಹೋಗಿ ಸಾಫ್ಟ್ವೇರ್ ಆಗುತ್ತದೆ. ರ‍್ಯಾಂಕ್ ಎಂದು ಒತ್ತಿದರೆ ಅರ್ಕಾವತ್ತು ಮೂಡಿ ರ್ಯಾಂಕ್ ಆಗುತ್ತದೆ. ಇವನ್ನು ಸರಿಪಡಿಸಲು ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಅಕ್ಷರವನ್ನು ಸೇರಿಸಬೇಕು. ಊಹೆಯ ಲಿಪ್ಯಂತರ ಇದನ್ನು ತಾನೇ ಸೇರಿಸಿಕೊಡುತ್ತಿತ್ತು, ಅದರ ಋಣವನ್ನು ಮರೆಯಬಾರದು. ಮತ್ತೊಂದು, ಈ ವಿನ್ಯಾಸದ ಹೆಸರು ಕೇಳಿದೊಡನೆ ನನಗೆ ಹಳೆಯ ಕಡತಗಳು ನೆನಪಾಗುತ್ತವೆ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಗಣಕದಲ್ಲಿ ಅದರದೇ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ, ನಾವೆಲ್ಲ ಬಹಳ ಕಾಲ ಬರೆದದ್ದು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸಿದ ಫಾಂಟುಗಳಲ್ಲಿ. ಹಾಗೆ ಬರೆದಿಟ್ಟ ನನ್ನದೊಂದು ಪತ್ರವನ್ನು ಈಗ ತೆರೆದರೆ ತಲೆಬುಡವಿಲ್ಲದ ಲ್ಯಾಟಿನ್ ಗೀಚು ಕಾಣುತ್ತದೆ. ತಪ್ಪು ಕೀಲಿಮಣೆಯದಲ್ಲ, ಫಾಂಟಿನದು. ಆದರೂ ಮನಸ್ಸು ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿದೆ.

ನಾಲ್ಕನೆಯ ತಿಂಗಳು ಧ್ವನಿ. 2017ರಲ್ಲಿ ಗೂಗಲ್ ತನ್ನ ಧ್ವನಿ ಗುರುತಿಸುವಿಕೆಗೆ ಕನ್ನಡವನ್ನೂ ಸೇರಿಸಿದಾಗ ಇನ್ನು ಕೀಲಿಮಣೆಯ ಕಾಲ ಮುಗಿಯಿತು ಎಂದುಕೊಂಡವರಲ್ಲಿ ನಾನೂ ಒಬ್ಬ. ವೇಗದ ಮಾತೇ ಬೇಡ. ಬೆರಳಿಗೆ ಹನ್ನೆರಡು ನಿಮಿಷ ಹಿಡಿಯುತ್ತಿದ್ದ ಪುಟ ಮೂರೇ ನಿಮಿಷದಲ್ಲಿ ತುಂಬಿತು. ಆಮೇಲೆ ಅದನ್ನು ತಿದ್ದಲು ಹತ್ತು ನಿಮಿಷ ಕುಳಿತೆ. ನಾನು ಬಳಸಿದ ಸಾಧನಕ್ಕೆ 'ಅಲ್ಪವಿರಾಮ' ಎಂದು ಹೇಳಿದರೆ 'ಅಲ್ಪವಿರಾಮ' ಎಂದೇ ಅಕ್ಷರಶಃ ಬರೆದುಕೊಂಡಿತು. ಮಹಾಪ್ರಾಣಗಳ ವಿಷಯದಲ್ಲಿ ಅದನ್ನು ದೂರುವಂತಿಲ್ಲ, ನನ್ನ ಬಾಯಲ್ಲೇ ಅವು ಅರ್ಧ ಸತ್ತಿವೆ.

ಇನ್ನೊಂದು ಪೇಚು ಇತ್ತು. ನಾವು ಆಡುವ ಕನ್ನಡ ಬೇರೆ, ಬರೆಯುವ ಕನ್ನಡ ಬೇರೆ. ದಿನಚರಿ ಬರಹದ ಕನ್ನಡದಲ್ಲಿ ಬೇಕಾದರೆ ನಾನು ಅದೇ ಕನ್ನಡವನ್ನು ಆಡಬೇಕು. "ಇಂದು ಮಧ್ಯಾಹ್ನ ನಾನು ಮಾರುಕಟ್ಟೆಗೆ ಹೋಗಿದ್ದೆನು" ಎಂದು ಕೋಣೆಯಲ್ಲಿ ಒಬ್ಬನೇ ಕುಳಿತು ವಾರ್ತೆ ಓದುವವನಂತೆ ಹೇಳುತ್ತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು, "ಯಾರಿಗೋ ಭಾಷಣ?" ಎಂದರು. ಅಂದಿನಿಂದ ದಿನಚರಿಯನ್ನು ಪಿಸುಗುಟ್ಟತೊಡಗಿದೆ. ಪಿಸುಮಾತನ್ನು ಯಂತ್ರ ಕೇಳಿಸಿಕೊಳ್ಳಲಿಲ್ಲ. ಬಸ್ಸಿನಲ್ಲಿ ಪ್ರಯತ್ನಿಸಿದೆ, ಪಕ್ಕದವರ ಜಮೀನಿನ ತಕರಾರು ನನ್ನ ದಿನಚರಿಗೆ ಸೇರಿತು.

ಈಗ ಗಣಕದ ಮುಂದೆ ಕುಳಿತರೆ ಕೆ.ಪಿ. ರಾವ್ ವಿನ್ಯಾಸವೇ, ಎರಡನೆಯ ಯೋಚನೆಯಿಲ್ಲ. ಈ ಬರಹವನ್ನೂ ಅದರಲ್ಲೇ ಒತ್ತುತ್ತಿದ್ದೇನೆ. ಅಡುಗೆಯ ಮಧ್ಯೆ ಏನಾದರೂ ಹೊಳೆದರೆ ಮಾತ್ರ ಧ್ವನಿ. ಇನ್‌ಸ್ಕ್ರಿಪ್ಟನ್ನು ಅಣ್ಣನ ಮಗಳಿಗೆ ದಾಟಿಸಿದ್ದೇನೆ, ಅವಳಿಗೆ ಇನ್ನೂ ಯಾವ ನಕ್ಷೆಯೂ ಕೈಗೆ ಕೂತಿಲ್ಲ. ಮೊಬೈಲಿನ ಪುಟ್ಟ ಪರದೆಯಲ್ಲಿ ಹೆಬ್ಬೆರಳಿನಿಂದ ಒತ್ತುವಾಗ ಮಾತ್ರ ಸೋತು, ಊಹೆಯ ಲಿಪ್ಯಂತರಕ್ಕೇ ಮರಳಿದ್ದೇನೆ. ಕಳೆದ ವಾರ ಮತ್ತೆ ರಜೆ ಕೇಳಬೇಕಾಗಿ ಬಂತು. ಕಚೇರಿಯ ಗುಂಪಿಗೆ ಬರೆದೆ: "ನಾಳೆ ಊರಿಗೆ ಹೋಗುತ್ತಿದ್ದೇನೆ."