ಬರ್ನಿನಾ ಮಾರ್ಗ: ಕ್ಯಾಮೆರಾ ಹಿಡಿದವರಿಗೆ ಎಕ್ಸ್‌ಪ್ರೆಸ್‌ಗಿಂತ ಲೋಕಲ್ ರೈಲೇ ವಾಸಿ

ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನಿಂದ ಇಟಲಿಯ ತಿರಾನೋಗೆ ಇಳಿಯುವ ಬರ್ನಿನಾ ಮಾರ್ಗದಲ್ಲಿ ಒಂದೇ ಹಳಿಯ ಮೇಲೆ ಎರಡು ಬಗೆಯ ಸೇವೆಗಳಿವೆ. ಹೆಸರು ಮಾಡಿರುವುದು ದೊಡ್ಡ ಗಾಜಿನ ಬರ್ನಿನಾ ಎಕ್ಸ್‌ಪ್ರೆಸ್. ಫೋಟೋ ತೆಗೆಯಲೆಂದೇ ಹೋಗುವವರು ಅದನ್ನು ಬಿಟ್ಟು, ಹೆಚ್ಚುಕಡಿಮೆ ಗಂಟೆಗೊಂದರಂತೆ ಓಡುವ ಸಾಮಾನ್ಯ ರೀಜನಲ್ ರೈಲು ಹತ್ತಬೇಕು.

ಕಾರಣ ಕಿಟಕಿ. ಎಕ್ಸ್‌ಪ್ರೆಸ್ಸಿನ ಪನೋರಮಾ ಬೋಗಿಯ ಗಾಜು ತೆರೆಯುವುದಿಲ್ಲ. ಚಾವಣಿಯ ಕಡೆಗೆ ಬಾಗಿದ ಆ ಗಾಜಿನಲ್ಲಿ ಎದುರು ಸೀಟಿನವರ ಅಂಗಿಯ ಬಣ್ಣವೂ ಹಿಮನದಿಯ ಮೇಲೆ ತೇಲುತ್ತದೆ. ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿದರೆ ಪ್ರತಿಬಿಂಬ ಕಡಿಮೆಯಾದೀತು, ಆದರೆ ಗಾಜಿನಲ್ಲೇ ಬಣ್ಣಬಣ್ಣದ ಪಟ್ಟೆಗಳು ಮೂಡುವ ಅಪಾಯವಿದೆ. ಲೆನ್ಸಿನ ಮುಂದಿನ ರಬ್ಬರ್ ಕೊಳವೆ, ಅಂದರೆ ಹುಡ್ ಅನ್ನು ಗಾಜಿಗೆ ಒತ್ತಿ ಹಿಡಿಯುವುದೊಂದೇ ದಾರಿ. ಸೀಟಿಗೆ ಪ್ರತ್ಯೇಕ ರಿಸರ್ವೇಶನ್ ಬೇರೆ ಕಡ್ಡಾಯ. ರೀಜನಲ್ ರೈಲಿಗೆ ಅದು ಬೇಡ, ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ತಿರಾನೋವರೆಗೂ ನಡೆಯುತ್ತದೆ.

ಹತ್ತುವಾಗ ಒಂದು ಎಚ್ಚರ: ಮುಂದಿರುವ ಅಲೆಗ್ರಾ ಎಂಬ ಮೋಟಾರ್ ಘಟಕದ (ರೈಲನ್ನು ಎಳೆಯುವ, ಸೀಟುಗಳೂ ಇರುವ ಬೋಗಿಗಳು) ಕಿಟಕಿಗಳೂ ಮುಚ್ಚಿದವೇ. ಹಿಂದೆ ಜೋಡಿಸಿದ ಹಳೆಯ ಬೋಗಿಗಳಲ್ಲಿ ಇಳಿಸಬಹುದಾದ ಗಾಜು ಇರುತ್ತದೆ, ಅಲ್ಲಿಗೇ ಹೋಗಿ. ದಕ್ಷಿಣಕ್ಕೆ ಹೋಗುವಾಗ ಬಲಬದಿ ಹಿಡಿದರೆ ಮೊರ್ಟೆರಾಚ್ ಹಿಮನದಿ, ಲಾಗೋ ಬಿಯಾಂಕೋ ಸರೋವರ ಎರಡೂ ಸಿಗುತ್ತವೆ. ಕ್ಯಾಮೆರಾ ಕಿಟಕಿಯ ಚೌಕಟ್ಟಿನ ಆಚೆ ಹೋಗಕೂಡದು. ವಿದ್ಯುತ್ ಕಂಬ, ಸುರಂಗದ ಗೋಡೆ ತೀರಾ ಹತ್ತಿರ. ಬೇಸಿಗೆಯಲ್ಲಿ ಕೆಲವು ರೈಲುಗಳಿಗೆ ಚಾವಣಿಯಿಲ್ಲದ ಹಳದಿ ಬೋಗಿ ಸೇರಿಸುತ್ತಾರೆ. ಅದರಲ್ಲಿ ಸೆಲ್ಫಿ ಕೋಲು ಎತ್ತಲೇಬೇಡಿ, ತಲೆಯ ಮೇಲೆ 1000 ವೋಲ್ಟ್ ತಂತಿ ಇದೆ.

ಈ ಮಾರ್ಗದ ನಿಜವಾದ ಸೊಗಸು ಸರಕಿನದು. ಪ್ರಯಾಣಿಕರ ಬೋಗಿಗಳ ಹಿಂದೆಯೇ ಮರದ ದಿಮ್ಮಿ ಹೊತ್ತ ವ್ಯಾಗನ್‌ಗಳನ್ನೂ ಕಟ್ಟಿ ಕಣಿವೆಗೆ ಇಳಿಸುತ್ತಾರೆ. ಎಂಜಿನ್ ದಾಟಿತೆಂದು ಕ್ಯಾಮೆರಾ ಇಳಿಸಿದವರಿಗೆ ಅದು ತಪ್ಪಿಹೋಗುತ್ತದೆ. ನೀಲಗಿರಿ ರೈಲಿಗೆ ಇರುವಂಥ ಹಲ್ಲಿನ ಹಳಿ ಇಲ್ಲಿಲ್ಲ. ಸಾವಿರ ಮೀಟರಿಗೆ 70 ಮೀಟರ್ ಏರನ್ನು ರೈಲು ಬರೀ ಚಕ್ರದ ಹಿಡಿತದಿಂದಲೇ ಹತ್ತುತ್ತದೆ, 1910ರಿಂದಲೂ ಹೀಗೆಯೇ. ಹಾಗಾಗಿ ವೇಗ ಕಡಿಮೆ, ಹಳಿಬದಿಯಿಂದ 1/500 ಸೆಕೆಂಡಿನ ಶಟರ್ ವೇಗ ಧಾರಾಳ ಸಾಕು. ಮುಂಭಾಗದ ಎಲ್‌ಇಡಿ ಫಲಕದ ಊರಹೆಸರು ಪೂರ್ತಿ ಬರಬೇಕೆಂದರೆ 1/250ಕ್ಕೆ ಇಳಿಸಿ. ಆ ದೀಪಗಳು ಮಿನುಗುವುದರಿಂದ ಹೆಚ್ಚಿನ ಶಟರ್ ವೇಗದಲ್ಲಿ ಅಕ್ಷರಗಳು ಅರ್ಧಂಬರ್ಧ ಸಿಗುತ್ತವೆ. ಹಿಮವಿದ್ದಾಗ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಎಲ್ಲವನ್ನೂ ಬೂದಿ ಬಣ್ಣ ಮಾಡುತ್ತದೆ, ಎಕ್ಸ್‌ಪೋಶರ್ ಹೊಂದಾಣಿಕೆಯಲ್ಲಿ +0.7ರಿಂದ +1 ಕೊಡಿ. ಕೆಂಪು ಚಾನಲ್ಲಿನ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ರೇಖಾಚಿತ್ರ) ಮೇಲೆ ಕಣ್ಣಿರಲಿ, ರೈಲಿನ ಕೆಂಪು ಬಣ್ಣ ಬೆಳಕು ಹೆಚ್ಚಾಗಿ ಸುಲಭವಾಗಿ ಸುಟ್ಟುಹೋಗುತ್ತದೆ.

ಇಳಿದು ನಿಲ್ಲಬೇಕಾದ ಜಾಗಗಳಲ್ಲಿ ಮೊದಲನೆಯದು ಮೊರ್ಟೆರಾಚ್ ನಿಲ್ದಾಣದಿಂದ ಮೇಲಕ್ಕೆ ನಡೆದರೆ ಸಿಗುವ ಮೊಂಟೆಬೆಲ್ಲೋ ತಿರುವು. 2253 ಮೀಟರ್ ಎತ್ತರದ ಓಸ್ಪಿಜಿಯೋ ಬರ್ನಿನಾ ನಿಲ್ದಾಣದಲ್ಲಿ ಹಳಿ ಲಾಗೋ ಬಿಯಾಂಕೋ ಸರೋವರದ ಪೂರ್ವ ದಂಡೆಯಲ್ಲಿದೆ. ಬೆಳಗಿನ ಬಿಸಿಲು ಬೆನ್ನಿಗಿರುವಾಗ ದಿಬ್ಬದ ಮೇಲಿಂದ ನೋಡಿದರೆ ರೈಲು, ನೀರು, ಹಿಮ ಮೂರೂ ಬೆಳಗುತ್ತವೆ. ಸಂಜೆ ಎಲ್ಲವೂ ಎದುರು ಬೆಳಕಾಗಿಬಿಡುತ್ತದೆ. ಒಂಬತ್ತು ಕಮಾನಿನ, 110 ಮೀಟರ್ ಉದ್ದದ ಬ್ರೂಸಿಯೋ ಸುರುಳಿ ಸೇತುವೆ ಕಿರಿದಾದ ಕಣಿವೆಯಲ್ಲಿರುವುದರಿಂದ ಸೂರ್ಯ ಮೇಲೇರಿದ ನಂತರವೇ ಅಲ್ಲಿಗೆ ಹೋಗಿ. ಉದ್ದ ರೈಲಾದರೆ 24 ಮಿಮೀ ಲೆನ್ಸ್‌ನಲ್ಲಿ ಮುಂದಿನ ಅಲೆಗ್ರಾದಿಂದ ಹಿಡಿದು ಬಾಲದ ವ್ಯಾಗನ್‌ವರೆಗೆ ಒಂದೇ ಚೌಕಟ್ಟಿನಲ್ಲಿ ಕೂರುತ್ತದೆ.

ಕೊರತೆಗಳೂ ಇವೆ. ರೀಜನಲ್ ರೈಲಿನ ಗಾಜು ಕೆಲವೊಮ್ಮೆ ಕೊಳೆ, ಬೇಸಿಗೆಯಲ್ಲಿ ತೆರೆದ ಬೋಗಿಗೆ ನೂಕುನುಗ್ಗಲು. ಸಣ್ಣ ನಿಲ್ದಾಣಗಳಲ್ಲಿ ಗುಂಡಿ ಒತ್ತದಿದ್ದರೆ ರೈಲು ನಿಲ್ಲದೇ ಹೋಗಬಹುದು. ಚಳಿಯಲ್ಲಿ ಹೊರಗಿದ್ದ ಕ್ಯಾಮೆರಾವನ್ನು ಬೆಚ್ಚನೆಯ ಬೋಗಿಯೊಳಗೆ ತರುವ ಮುನ್ನ ಜಿಪ್ ಚೀಲದಲ್ಲಿ ಮುಚ್ಚಿ, ಇಲ್ಲವಾದರೆ ಲೆನ್ಸ್ ಮೇಲೆ ಮಂಜು ಕಟ್ಟಿ ಮುಂದಿನ ನಿಲ್ದಾಣದ ಚಿತ್ರಗಳು ಹಾಳು. ತಿರಾನೋ ಇಟಲಿಯಲ್ಲಿದೆ, ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಟ್ಟು ಹೊರಡಬೇಡಿ.