ಜೀರೋ ಮಾರ್ಕಪ್ ಕಾರ್ಡು: ಮೂರು ಪ್ರವಾಸ, ಒಂದು ಲೆಕ್ಕದ ಪುಸ್ತಕ

2018ರಲ್ಲಿ ಸಿಂಗಪುರಕ್ಕೆ ಹೋಗಿ ಬಂದಮೇಲೆ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿದೆ. ಒಂದೂವರೆ ಪುಟ ಬರೀ ಚಿಲ್ಲರೆ ಕಡಿತ. ಎಟಿಎಂನಲ್ಲಿ ದುಡ್ಡು ತೆಗೆದಾಗಲೆಲ್ಲ 125 ರೂಪಾಯಿ, ಅದಕ್ಕೆ ಮತ್ತೆ ಜಿಎಸ್‌ಟಿ. ಬ್ಯಾಲೆನ್ಸ್ ಎಷ್ಟಿದೆ ಅಂತ ಸುಮ್ಮನೆ ನೋಡಿದ್ದಕ್ಕೆ 25. "ನೋಡಿದ್ದಕ್ಕೂ ಕಾಸು ಕೀಳ್ತಾರಲ್ರೀ" ಅಂತ ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ.

ಕಣ್ಣಿಗೆ ಬೀಳುವ ಈ ಕಡಿತಗಳು ಸಣ್ಣವು. ದೊಡ್ಡದು ಮಾರ್ಕಪ್. ನಮ್ಮ ಬಹುತೇಕ ಬ್ಯಾಂಕುಗಳು ಹೊರದೇಶದಲ್ಲಿ ಕಾರ್ಡು ಉಜ್ಜಿದರೆ ಶೇ 3.5ರ ಆಸುಪಾಸು ಸೇರಿಸುತ್ತವೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಎರಡೂ ಕೂಡಿದರೆ ಶೇ 4.13. ಲಕ್ಷ ಖರ್ಚಿಗೆ 4,130 ರೂಪಾಯಿ. ಕೆಲವು ಕಡೆ ಇದನ್ನು ಬೇರೆ ಸಾಲಿನಲ್ಲಿ ತೋರಿಸುವುದೂ ಇಲ್ಲ, ವಿನಿಮಯ ದರದೊಳಗೇ ಬೆರೆಸಿಬಿಡುತ್ತಾರೆ. ಹಾಲಿಗೆ ನೀರು ಬೆರೆಸಿದ ಹಾಗೆ, ಕುಡಿಯುವವನಿಗೆ ಅನುಮಾನ ಬಂದರೂ ಅಳೆದು ತೋರಿಸಲಾಗದು.

ಅದಕ್ಕೇ 2022ರ ಅಕ್ಟೋಬರ್‌ನಲ್ಲಿ ಮಾರ್ಕಪ್ ಇಲ್ಲದ ಡೆಬಿಟ್ ಕಾರ್ಡು ಮಾಡಿಸಿದೆ. ಆ್ಯಪ್‌ನಲ್ಲೇ ಉಳಿತಾಯ ಖಾತೆ, ವೀಡಿಯೊ ಕೆವೈಸಿ, ವಾರದೊಳಗೆ ಮೈಸೂರಿನ ಮನೆಗೆ ಕಾರ್ಡು ಬಂತು. ಹೆಸರು ಬೇಕೆಂದೇ ಬರೆಯುತ್ತಿಲ್ಲ. ಹೊಗಳಿದರೆ ಜಾಹೀರಾತು ಅಂತೀರಿ, ಮುಂದೆ ಒಂದೆರಡು ಕಡೆ ಬೈಯುವುದೂ ಇದೆ. ಹೇಗೂ ಇಂಥ ಕಾರ್ಡು ಈಗ ಹಲವರ ಬಳಿ ಸಿಗುತ್ತದೆ, ಒಳಗಿನ ಮರ್ಮ ಹೆಚ್ಚುಕಮ್ಮಿ ಒಂದೇ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. 'ಜೀರೋ' ಅಂದದ್ದು ಸುಳ್ಳಲ್ಲ. ಥಾಯ್ಲೆಂಡ್, ಜರ್ಮನಿ, ಲಂಡನ್ ಮೂರೂ ಕಡೆಯ ಬಿಲ್ಲುಗಳನ್ನು ಕಾರ್ಡಿನ ವ್ಯವಹಾರ ಸಾಗಿಸುವ ವೀಸಾ ಕಂಪನಿಯ ವೆಬ್‌ಸೈಟಿನಲ್ಲಿರುವ ದರದ ಜತೆ ತಾಳೆ ನೋಡಿದ್ದೇನೆ, ಪೈಸೆ ಲೆಕ್ಕದಲ್ಲಿ ಬಿಟ್ಟರೆ ವ್ಯತ್ಯಾಸವಿಲ್ಲ. ಮೂರು ಪ್ರವಾಸ ಸೇರಿ ಕಾರ್ಡಿನ ಮೇಲೆ ಖರ್ಚಾದದ್ದು ಸುಮಾರು 3,80,000. ಹಳೆಯ ಕಾರ್ಡಾಗಿದ್ದರೆ 15,700 ರೂಪಾಯಿ ಅದರ ಪಾಲಾಗುತ್ತಿತ್ತು.

ಆದರೆ ಮಾರ್ಕಪ್ ಒಂದು ತೂತು ಮಾತ್ರ. ಅದನ್ನು ಮುಚ್ಚಿದ ಮೇಲೆ ಪಕ್ಕದ ತೂತುಗಳು ಕಾಣತೊಡಗುತ್ತವೆ.

2023ರ ಜನವರಿ, ಬ್ಯಾಂಕಾಕ್. ರಸ್ತೆಬದಿಯ ಊಟಕ್ಕೆ ನಗದೇ ಬೇಕು. ಅಲ್ಲಿ ಹೊರದೇಶದ ಕಾರ್ಡು ಹಾಕಿದರೆ ಎಟಿಎಂ ತನ್ನ ಪಾಲಿಗೆ 220 ಬಾತ್ ಹಿಡಿಯುತ್ತಿತ್ತು, ಆಗಿನ ಲೆಕ್ಕಕ್ಕೆ ಐನೂರು ರೂಪಾಯಿಗೂ ಮೇಲೆ. ನಮ್ಮ ಬ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ, ಯಾವ ಜೀರೋ ಕಾರ್ಡೂ ಅದನ್ನು ತಪ್ಪಿಸಲಾರದು. ಮೊದಲ ದಿನ ಜಾಣತನ ಅಂದುಕೊಂಡು 3,000 ಬಾತ್ ಮಾತ್ರ ತೆಗೆದೆ. ಶೇ 7ಕ್ಕಿಂತ ಹೆಚ್ಚು ಯಂತ್ರಕ್ಕೇ ಹೋಯಿತು! ಮಾರ್ಕಪ್ ಇರುವ ಕಾರ್ಡನ್ನು ಅಂಗಡಿಯಲ್ಲಿ ಉಜ್ಜಿದ್ದರೂ ಅಷ್ಟು ಹೋಗುತ್ತಿರಲಿಲ್ಲ. ಎರಡನೇ ಸಲ 20,000 ಬಾತ್ ಒಟ್ಟಿಗೆ ತೆಗೆದು ಮೂವರು ಹಂಚಿಕೊಂಡೆವು. ಆಗ ಅದೇ 220, ಶೇ 1ರ ಆಸುಪಾಸಿಗೆ ಇಳಿಯಿತು.

ಇನ್ನೊಂದು ತೂತಿಗೆ ಬುದ್ಧಿವಂತರೂ ಬೀಳುತ್ತಾರೆ. 2024ರ ಮೇನಲ್ಲಿ ಅಮ್ಮನನ್ನು ಕರೆದುಕೊಂಡು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ತಮ್ಮನ ಮನೆಗೆ ಹೋಗಿದ್ದೆ. ಒಂದು ಸಂಜೆ ಹೋಟೆಲಿನಲ್ಲಿ 84 ಯೂರೋ ಬಿಲ್ಲು. ಹುಡುಗ ತಂದ ಮೆಷಿನ್‌ಗೆ ಕಾರ್ಡು ತೋರಿಸಿದ ತಕ್ಷಣ ಪರದೆಯ ಮೇಲೆ ಎರಡು ಗುಂಡಿ: ಒಂದರಲ್ಲಿ ಯೂರೋ 84.00, ಇನ್ನೊಂದರಲ್ಲಿ ರೂಪಾಯಿ 8,013.60. ಪರದೇಶದಲ್ಲಿ ನಮ್ಮ ರೂಪಾಯಿ ಕಂಡರೆ ಊರಿನವರು ಸಿಕ್ಕಷ್ಟು ಖುಷಿ. ತಮ್ಮನೂ "ರೂಪಾಯಿ ಒತ್ತೋ, ಎಷ್ಟು ಹೋಯ್ತು ಅಂತ ಆಗಲೇ ಗೊತ್ತಾಗುತ್ತಲ್ಲ" ಅಂದ. ಭಾಗಿಸಿ ನೋಡಿದರೆ ಯೂರೋಗೆ 95.40 ಬಿತ್ತು. ಆ ವಾರದ ದರ 90ರ ಸುತ್ತಮುತ್ತ ಇತ್ತು. ಒಂದು ಊಟಕ್ಕೆ ನಾನೂರು ಚಿಲ್ಲರೆ ಹೆಚ್ಚು. ಇದರ ಹೆಸರು ಡೈನಮಿಕ್ ಕರೆನ್ಸಿ ಕನ್ವರ್ಷನ್. ಇಲ್ಲಿ ದರ ಕಟ್ಟುವವರು ವೀಸಾ ಅಲ್ಲ, ಅಂಗಡಿಯ ಮೆಷಿನ್ ನಡೆಸುವವರು, ಲಾಭದಲ್ಲಿ ಅಂಗಡಿಗೂ ಪಾಲು. ರೂಪಾಯಿ ಒತ್ತಿದ ಕ್ಷಣಕ್ಕೆ ನಿಮ್ಮ ಜೀರೋ ಕಾರ್ಡು ದಂಡ. ಸಾಲದ್ದಕ್ಕೆ, ಹೊರದೇಶದಲ್ಲಿ ರೂಪಾಯಿಯಲ್ಲಿ ಕೊಟ್ಟದ್ದಕ್ಕೆ ಇನ್ನೊಂದು ಶೇ 1 ಹಾಕುವ ಬ್ಯಾಂಕುಗಳೂ ನಮ್ಮಲ್ಲಿವೆ.

ಎಟಿಎಂನಲ್ಲಿ ಇದೇ ಆಟ ಇನ್ನೂ ನಯವಾಗಿ ನಡೆಯುತ್ತದೆ. ಬ್ಯಾಂಕಿಗೆ ಸೇರದ, ಪ್ರವಾಸಿಗರು ಓಡಾಡುವ ಕಡೆ ನಿಲ್ಲಿಸಿದ ಒಂದು ಯಂತ್ರದಲ್ಲಿ 200 ಯೂರೋ ಕೇಳಿದೆ. ಮೊದಲು 4.95 ಯೂರೋ ಶುಲ್ಕ ಅಂತು, ಒಪ್ಪಿದೆ. ಆಮೇಲೆ ಪರದೆ ತುಂಬ ರೂಪಾಯಿ ಮೊತ್ತ, 'ಖಚಿತ ದರ' ಅಂತ ದೊಡ್ಡಕ್ಷರ, ಕೆಳಗೆ ಹಸಿರು ಬಣ್ಣದಲ್ಲಿ 'ಒಪ್ಪಿದೆ', ಮೂಲೆಯಲ್ಲಿ ಮಂಕು ಬೂದು ಬಣ್ಣದಲ್ಲಿ 'ಬೇಡ'. 'ಬೇಡ' ಒತ್ತಿದೆ. ಅದಕ್ಕೆ ಸಮಾಧಾನವಿಲ್ಲ, ನಿಜವಾಗಿಯೂ ಬೇಡವೇ ಅಂತ ಮತ್ತೊಂದು ಪರದೆ. ಹಿಂದೆ ನಿಂತಿದ್ದ ಅಮ್ಮ ಕೇಳಿದಳು: "ಬೇಡ ಬೇಡ ಅಂದ್ರೆ ದುಡ್ಡು ಹೇಗೋ ಕೊಡುತ್ತೆ ಅದು?" ಎರಡನೇ ಸಲವೂ 'ಬೇಡ' ಒತ್ತಿದೆ. ಕರಕರ ಸದ್ದು ಮಾಡಿ ಹೊಸ ನೋಟು ಹೊರಗೆ ಬಂತು. ಬೇಡ ಅಂದದ್ದು ದುಡ್ಡನ್ನಲ್ಲ, ಅವರು ಹೇಳಿದ ದರವನ್ನು. ಇದಿಷ್ಟು ತಿಳಿದುಕೊಂಡರೆ ಜೀರೋ ಕಾರ್ಡಿನಲ್ಲಿ ಉಳಿಸುವುದಕ್ಕಿಂತ ಹೆಚ್ಚು ಇಲ್ಲೇ ಉಳಿಯುತ್ತದೆ.

ಜರ್ಮನಿಯಲ್ಲಿ ನಗದು ಬೇಡವೇನೋ ಅಂದುಕೊಂಡು ಹೋಗಿದ್ದು ನನ್ನ ಪೆದ್ದುತನ. ಬೇಕರಿಯ ಬಾಗಿಲಲ್ಲೇ 'ನೂರ್ ಬಾರ್‌ಗೆಲ್ಡ್' ಅಂತ ಚೀಟಿ, ಅಂದರೆ ನಗದು ಮಾತ್ರ. ಇನ್ನು ಕೆಲವು ಕಡೆ ಅವರ ದೇಶದ್ದೇ ಡೆಬಿಟ್ ಕಾರ್ಡು 'ಜಿರೋಕಾರ್ಡ್' (girocard, ನಮ್ಮ 'ಜೀರೋ' ಅಲ್ಲ) ಇದ್ದರೆ ಸರಿ, ನಮ್ಮ ವೀಸಾ ನಡೆಯದು. ಹೆದ್ದಾರಿಯ ಶೌಚಾಲಯಕ್ಕೆ ಒಂದು ಯೂರೋ. ಅಮ್ಮ ತನ್ನ ಕುಂಕುಮದ ಡಬ್ಬಿ ಖಾಲಿ ಮಾಡಿ ನಾಣ್ಯ ತುಂಬಿಟ್ಟುಕೊಂಡಳು. ಪ್ರವಾಸ ಪೂರ್ತಿ ನಮ್ಮ ನಿಜವಾದ ಬ್ಯಾಂಕು ಅದೇ.

ಈಗ ದೂರು. ಕಾರ್ಡು ಕೊಟ್ಟವರ ಆ್ಯಪ್, ನೋಂದಾಯಿಸಿದ ಸಿಮ್ ಫೋನಿನಲ್ಲಿ ಇಲ್ಲದಿದ್ದರೆ ತೆರೆಯುವುದೇ ಇಲ್ಲ. ತಮ್ಮ ಕೊಟ್ಟ ಸಿಮ್ ಹಾಕಲು ನಮ್ಮದನ್ನು ತೆಗೆದಿಟ್ಟಿದ್ದೆ, ಅವತ್ತೇ ಕಾರ್ಡು 'ಅನುಮಾನಾಸ್ಪದ ವ್ಯವಹಾರ' ಅಂತ ನಿಂತುಹೋಯಿತು. ಬಿಡಿಸಲು ಆ್ಯಪ್ ಬೇಕು, ಆ್ಯಪ್‌ಗೆ ಸಿಮ್ ಬೇಕು, ಸಿಮ್ ತಮ್ಮನ ಮನೆಯಲ್ಲಿ ಸೂಟ್‌ಕೇಸಿನಲ್ಲಿ. ಚಾಟ್‌ನಲ್ಲಿ ಬರುವುದು ಯಂತ್ರ, "ನಿಮ್ಮ ಅನುಭವ ಹೇಗಿತ್ತು" ಅಂತ ನಕ್ಷತ್ರ ಬೇರೆ ಕೇಳುತ್ತದೆ. ಮನುಷ್ಯರ ದನಿ ಕೇಳಲು ನಲವತ್ತು ನಿಮಿಷ ಬೇಕಾಯಿತು. ಅಂದಿನಿಂದ ನಮ್ಮ ಸಿಮ್ ರೋಮಿಂಗ್ ಹಾಕಿಸಿಕೊಂಡು ಫೋನಿನಲ್ಲೇ ಇರುತ್ತದೆ, ಡೇಟಾಗೆ ಅಲ್ಲಿನ ಇ-ಸಿಮ್. ಮೂರು ವರ್ಷದಲ್ಲಿ ವಿಮಾನ ನಿಲ್ದಾಣದ ಉಚಿತ ಲೌಂಜೂ ಹೋಯಿತು, ಖಾತೆಯ ಬಡ್ಡಿಯೂ ಇಳಿಯಿತು. ಅದಕ್ಕೆ ನಾನೇನೂ ಅಳುವುದಿಲ್ಲ, ಸೇರಿದ್ದು ಅದಕ್ಕಲ್ಲ.

ಡೆಬಿಟ್ ಕಾರ್ಡೊಂದೇ ಸಾಕೇ? ಸಾಲದು. ಮ್ಯೂನಿಕ್‌ನಲ್ಲಿ ತಂಗಿದ್ದಾಗ ಠೇವಣಿ ಅಂತ 200 ಯೂರೋ ತಡೆಹಿಡಿದರು. ಕ್ರೆಡಿಟ್ ಕಾರ್ಡಾದರೆ ಮಿತಿಯಲ್ಲಿ ಅಷ್ಟು ಕಮ್ಮಿ ಕಾಣುತ್ತದೆ, ಡೆಬಿಟ್‌ನಲ್ಲಿ ನಮ್ಮ ದುಡ್ಡೇ ಸಿಕ್ಕಿಹಾಕಿಕೊಳ್ಳುತ್ತದೆ. ನಾನು ಊರಿಗೆ ಬಂದಮೇಲೆ, ಒಂಬತ್ತನೇ ದಿನ ಬಿಡುಗಡೆಯಾಯಿತು. ಆಮೇಲೆ ಮಾರ್ಕಪ್ ಇಲ್ಲದ ಕ್ರೆಡಿಟ್ ಕಾರ್ಡೊಂದನ್ನು ಮಾಡಿಸಿಕೊಂಡೆ, ವೀಸಾ ಒಂದಾದರೆ ಇದು ಮಾಸ್ಟರ್‌ಕಾರ್ಡ್. ಅದರಲ್ಲಿ ಎಟಿಎಂ ಕಡೆ ಮುಖ ಹಾಕುವುದಿಲ್ಲ, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ.

ಹೊರದೇಶದ ದುಡ್ಡು ಮೊದಲೇ ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡು ಒಳ್ಳೆಯದಲ್ಲವಾ ಅಂತ ಕೇಳುವವರಿಗೆ ನಮ್ಮ ಆಫೀಸಿನ ಮೇಡಂ ಕಥೆ. ಯೂರೋ ತುಂಬಿಸಿಕೊಂಡು ಹೋದರು, ಟೂರಿನವರು ಎರಡು ದಿನ ಸ್ವಿಟ್ಜರ್ಲೆಂಡಿಗೆ ಕರೆದೊಯ್ದರು, ಅಲ್ಲಿ ಫ್ರಾಂಕ್. ಕಾರ್ಡಿನಲ್ಲಿ ಇಲ್ಲದ ಕರೆನ್ಸಿ ಅಂತ ಮತ್ತೆ ಶೇ 3.5. ಉಳಿದ 140 ಯೂರೋ ವಾಪಸ್ ಕೊಟ್ಟಾಗ ಕೊಂಡ ದರ ಒಂದು, ಮಾರಿದ ದರ ಇನ್ನೊಂದು. ಒಂದೇ ದೇಶಕ್ಕೆ ಹೋಗುವವರಿಗೆ, ದರ ಮೊದಲೇ ಕಟ್ಟಿಹಾಕಬೇಕೆನ್ನುವವರಿಗೆ ಸರಿ. ಇನ್ನು ಟಿಸಿಎಸ್, ಅಂದರೆ ಹೊರದೇಶಕ್ಕೆ ಹೋಗುವ ದುಡ್ಡಿನ ಮೇಲೆ ಬ್ಯಾಂಕು ಮೊದಲೇ ಹಿಡಿಯುವ ತೆರಿಗೆಯ ಭಯ ಬೇಡ. ಡೆಬಿಟ್, ಫಾರೆಕ್ಸ್ ಕಾರ್ಡಿನ ಖರ್ಚು ಎಲ್‌ಆರ್‌ಎಸ್ (ಹೊರದೇಶಕ್ಕೆ ದುಡ್ಡು ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ವ್ಯವಸ್ಥೆ) ಲೆಕ್ಕಕ್ಕೆ ಬರುತ್ತದೆ ನಿಜ, ಆದರೆ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ದಾಟಿದ ಮೇಲಷ್ಟೇ ಅದು ತಗಲುವುದು.

ಹೊರಡುವ ಮುಂಚೆ ಆ್ಯಪ್‌ನಲ್ಲಿ ಹೊರದೇಶದ ಬಳಕೆ ಆನ್ ಮಾಡಿಕೊಳ್ಳಿ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳೆಲ್ಲ ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ, ಮಿಕ್ಕದ್ದನ್ನು ನಾವೇ ತೆರೆಯಬೇಕು. ಲಂಡನ್ನಿನಲ್ಲಿ ನಾನು ಅದನ್ನು ಆನ್ ಮಾಡಿ ಕಾಂಟ್ಯಾಕ್ಟ್‌ಲೆಸ್ ಮರೆತಿದ್ದೆ. ಮೆಟ್ರೋ ಗೇಟು ಕೆಂಪು ದೀಪ ತೋರಿಸಿತು, ಹಿಂದೆ ಹತ್ತು ಜನ. ಸರಿಮಾಡಿಕೊಂಡ ಮೇಲೆ ಮಾತ್ರ ಸುಖವೋ ಸುಖ: ಟಿಕೆಟ್ ಬೇಡ, ಕಾರ್ಡು ಮುಟ್ಟಿಸಿ ಒಳಗೆ, ಮುಟ್ಟಿಸಿ ಹೊರಗೆ, ದಿನದ ಗರಿಷ್ಠ ಮೊತ್ತ ಮುಟ್ಟಿದ ಮೇಲೆ ಓಡಾಟ ಪುಕ್ಕಟೆ. ಬೆಳಗ್ಗೆಯಿಂದ ರಾತ್ರಿವರೆಗೆ ಒಂದೇ ಕಾರ್ಡು ಮುಟ್ಟಿಸಬೇಕು ಅಷ್ಟೆ.

ಆದರೆ ಆ ಲೆಕ್ಕ ಅವರು ಮಾಡುವುದು ದಿನ ಮುಗಿದ ಮೇಲೆ. ಕೊನೆಯ ದಿನ ಹೀಥ್ರೂವರೆಗೆ ಮೆಟ್ರೋದಲ್ಲೇ ಬಂದೆ. ಮಾರನೇ ಬೆಳಗ್ಗೆ ದೇವನಹಳ್ಳಿಯಲ್ಲಿ ಇಳಿದು, ಬೆಲ್ಟ್ ಬಳಿ ಸೂಟ್‌ಕೇಸ್ ಬರುವಷ್ಟರಲ್ಲಿ, ಶಿಸ್ತಿನ ಸಿಪಾಯಿಯಂತೆ ಹೊರದೇಶದ ಬಳಕೆ ಆಫ್ ಮಾಡಿದೆ. ಅವರು ಐದು ಪೌಂಡ್ ಚಿಲ್ಲರೆ ಕೇಳುವ ಹೊತ್ತಿಗೆ ಕಾರ್ಡು ಬಾಗಿಲು ಹಾಕಿತ್ತು. ಲಂಡನ್ ಸಾರಿಗೆಯ ಪುಸ್ತಕದಲ್ಲಿ ನಾನು ಬಾಕಿದಾರ! ಅವರ ವೆಬ್‌ಸೈಟಿಗೆ ಹೋಗಿ ಕಟ್ಟಿ ಬಂದೆ. ಈಗ ಮೂರು ದಿನ ಕಾದು ಆಫ್ ಮಾಡುತ್ತೇನೆ.