ಮೊಬೈಲ್ ಸುಮ್ಮನಾಗಿಸುವುದೋ, ಉಸಿರು ನಿಧಾನಿಸುವುದೋ?

ದಿನವಿಡೀ ತಲೆ ಬಿಗಿದಂತಿದ್ದರೆ ಈ ಎರಡರಲ್ಲಿ ಯಾವುದನ್ನು ಮೊದಲು ಹಿಡಿಯಬೇಕು? ನನ್ನ ಮತ ನೋಟಿಫಿಕೇಶನ್ ಕಡಿತಕ್ಕೆ.

ನಿಧಾನ ಉಸಿರಾಟಕ್ಕೆ ಖರ್ಚಿಲ್ಲ, ಬಿಎಂಟಿಸಿ ಬಸ್ಸಿನಲ್ಲಿ ನಿಂತೂ ಮಾಡಬಹುದು. ಸುಮ್ಮನಿದ್ದಾಗ ನಾವು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದನ್ನು 6ರ ಆಸುಪಾಸಿಗೆ ಇಳಿಸಿ, ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿದರೆ ಮಿದುಳಿನಿಂದ ಹೃದಯಕ್ಕೆ ಸಾಗುವ ವೇಗಸ್ ನರದ ಮೂಲಕ ಎದೆಬಡಿತ ತಗ್ಗುತ್ತದೆ. ಕೆಲವೇ ನಿಮಿಷಗಳಲ್ಲಿ ಹಗುರ ಅನ್ನಿಸುತ್ತದೆ. ತಲೆ ಸುತ್ತಿದರೆ ನಿಲ್ಲಿಸಿ. ಆದರೆ ಮುಂದಿನ 'ಟಿಂಗ್' ಸದ್ದಿಗೆ ಮನಸ್ಸು ಮತ್ತೆ ಎಚ್ಚೆತ್ತು ಕೂರುತ್ತದೆ.

ನೋಟಿಫಿಕೇಶನ್ ಕಡಿತ ಮೂಲಕ್ಕೇ ಕೈಹಾಕುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಅಪಾರ್ಟ್‌ಮೆಂಟ್, ಶಾಲೆ, ನೆಂಟರ ಗುಂಪುಗಳನ್ನು 8 ಗಂಟೆ, 1 ವಾರ ಅಥವಾ ಕಾಯಂ ಆಗಿ ಮ್ಯೂಟ್ ಮಾಡಿ, ಗುಂಪಿನವರಿಗೆ ತಿಳಿಯುವುದಿಲ್ಲ. ಊರಿನಲ್ಲಿರುವ ಅಪ್ಪ-ಅಮ್ಮನ ಕರೆ ತಪ್ಪೀತು ಎಂಬ ಅಳುಕು ಸಹಜವೇ. ಫೋನಿನ ಸದ್ದನ್ನೆಲ್ಲ ತಡೆಯುವ ಡು ನಾಟ್ ಡಿಸ್ಟರ್ಬ್ ಸೆಟ್ಟಿಂಗ್‌ನಲ್ಲಿ ಅವರ ನಂಬರಿಗೆ ವಿನಾಯಿತಿ ಕೊಟ್ಟರೆ ಆಯಿತು.

ರಾತ್ರಿ ಆನ್-ಕಾಲ್ ಡ್ಯೂಟಿ ಇರುವವರಿಗೆ ಮಾತ್ರ ಇದು ಒಗ್ಗದು. ಅವರಿಗೆ ಉಸಿರಾಟವೇ ಸರಿ. ನಿದ್ದೆಗೇಡು, ಆತಂಕ ವಾರಗಟ್ಟಲೆ ಮುಂದುವರಿದರೆ ಎರಡನ್ನೂ ನೆಚ್ಚಿ ಕೂರದೆ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ರಲ್ಲಿ ಕನ್ನಡದಲ್ಲೂ ಉಚಿತವಾಗಿ ಮಾತಾಡಬಹುದು.